ತಕ್ಕಡಿ ಸಾಹೇಬರು ಇಮೇಲ್ ಜಪ್ತಿ ಮಾಡಿದ್ದು

ತಕ್ಕಡಿ ಸಾಹೇಬರ ಕೈಗೆ ಮೋಸ ಮಾಡುವ ತೂಕದ ಕಲ್ಲು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ ಎಂದು ಮೊದಲು ಹೇಳಿದವರು ಸ್ವತಃ ತಕ್ಕಡಿ ಸಾಹೇಬರೇ. ಆಮೇಲಿನ ಇಪ್ಪತ್ತಾರು ವರ್ಷಗಳಲ್ಲಿ ಅದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ತೂಕ-ಅಳತೆ ಇಲಾಖೆಗೆ ಹೊಸದಾಗಿ ಸೇರಿದವರು ಅದೂ ಒಂದು ಸರ್ಕಾರಿ ನಿಯಮವೇ ಇರಬೇಕೆಂದು ನಂಬಿಬಿಟ್ಟಿದ್ದರು. ಅಂಗಡಿಯ ಮುಂದೆ ನಿಂತು, ಕಲ್ಲನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ಮೇಲಕ್ಕೂ ಕೆಳಕ್ಕೂ ಆಡಿಸಿ "ಇಪ್ಪತ್ತು ಗ್ರಾಂ ಕಮ್ಮಿ" ಎಂದು ಘೋಷಿಸುತ್ತಿದ್ದರು. ತೂಗಿ ನೋಡಿದರೆ ಹದಿನೆಂಟೋ ಇಪ್ಪತ್ತೆರಡೋ ಬರುತ್ತಿತ್ತು. ಆ ಎರಡು ಗ್ರಾಂ ವ್ಯತ್ಯಾಸಕ್ಕೆ ತೂಗುವ ಯಂತ್ರವೇ ಕಾರಣ ಎಂಬುದು ಅವರ ಖಚಿತ ಅಭಿಪ್ರಾಯ.

ಸಾಹೇಬರು ಒಂದು ಕಡೆ ಕೂರುವ ಆಸಾಮಿಯಲ್ಲ. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಪೆನ್ನಿನ ಮುಚ್ಚಳ ಹಾಕಿ ತೆಗೆಯುತ್ತಿದ್ದರು, ಲಿಫ್ಟಿಗೆ ಕಾಯುವಾಗ ಗುಂಡಿಯನ್ನು ಹನ್ನೆರಡು ಸಲ ಒತ್ತುತ್ತಿದ್ದರು. ಆದರೆ ಇಪ್ಪತ್ತಾರು ವರ್ಷ ರಸ್ತೆಯಲ್ಲಿ ನಿಂತ ಮಂಡಿಗಳು ಈಚೆಗೆ ಮುಷ್ಕರ ಹೂಡಿದ್ದವು. ಹಾಗಾಗಿ ಇಲಾಖೆ ಹೊಸದಾಗಿ ತೆರೆಯಲಿದ್ದ ತರಬೇತಿ ಕೇಂದ್ರದ ಮುಖ್ಯಸ್ಥರ ಹುದ್ದೆಯ ಮೇಲೆ ಅವರು ಕಣ್ಣಿಟ್ಟಿದ್ದರು. ಆ ಹುದ್ದೆಗೆ ಒಂದು ಕುರ್ಚಿ ಇತ್ತು. ಬೆನ್ನಿಗೆ ಒರಗು, ಕೈಗೆ ತೋಳು, ಕೆಳಗೆ ಐದು ಚಕ್ರ. ಅದು ಬಂದಿಳಿದ ದಿನವೇ ಸಾಹೇಬರು ಬಾಗಿಲು ಹಾಕಿಕೊಂಡು ಅದರಲ್ಲಿ ಕೂತು ಎರಡು ಸುತ್ತು ತಿರುಗಿಯೂ ನೋಡಿದ್ದರು.

"ನಕಲಿ ಯಾವುದು, ಅಸಲಿ ಯಾವುದು ಅಂತ ಇನ್ನೊಬ್ಬರಿಗೆ ಕಲಿಸೋ ಜಾಗ ಅದು," ಎಂದಿದ್ದರು ಮೇಲಧಿಕಾರಿ ಮೇಡಂ. "ಯಾವತ್ತೂ ಮೋಸ ಹೋಗದವರು ಬೇಕು. ಶುಕ್ರವಾರ ತೀರ್ಮಾನ ಮಾಡ್ತೀನಿ."

"ಯಾವತ್ತೂ ಮೋಸ ಹೋಗದವರು ಅಂದ್ರೆ, ಮೇಡಂ, ನನ್ನ ಹೆಸರು ಹೇಳೋಕೆ ನನಗೇ ಸಂಕೋಚ," ಎಂದು ಸಾಹೇಬರು ಸಂಕೋಚವಿಲ್ಲದೆ ಹೇಳಿದ್ದರು.

ಇಮೇಲ್ ಬಂದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ.

"ಪ್ರಿಯ ಗ್ರಾಹಕರೇ, ನಿಮ್ಮ ಮೇಲ್ ಪೆಟ್ಟಿಗೆ ತುಂಬಿದೆ. ಇಂದು ಸಂಜೆ ಐದು ಗಂಟೆಯೊಳಗೆ ಇದರೊಂದಿಗಿನ ಕಡತವನ್ನು ತೆರೆಯದಿದ್ದರೆ ಪೆಟ್ಟಿಗೆಯನ್ನು ಶಾಶ್ವತವಾಗಿ ಮುಚ್ಚಲಾಗುವುದು. ಇಂತಿ, ಕೇಂದ್ರ ಕಚೇರಿ."

ಓದುಗರು ಇಲ್ಲಿ ಆತುರಪಡಬಾರದು. ಸಾಹೇಬರು ಮೋಸ ಹೋದರು ಎಂದು ಈಗಲೇ ನಗುವವರಿಗೆ ಹೇಳುವ ಮಾತೆಂದರೆ, ಅವರು ಮೋಸ ಹೋಗಲಿಲ್ಲ. ಒಂದೇ ನೋಟಕ್ಕೆ ಹಿಡಿದರು. "ನಕಲಿ!" ಎಂದು ಕುರ್ಚಿಯಿಂದ ಎದ್ದು ನಿಂತರು. ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕನನ್ನು ಕರೆದು ಬೆರಳು ಮಡಿಸಿ ಮಡಿಸಿ ತೋರಿಸಿದರು. "ನೋಡಿ ಅಕ್ಕ. ನಾವು ಇವರ ಗ್ರಾಹಕರು ಯಾವಾಗ ಆದ್ವಿ? ನಾವು ನೌಕರರು. ಕಳಿಸಿದವರ ವಿಳಾಸ ನೋಡಿ, ಕೇಂದ್ರ ಕಚೇರಿಯದ್ದೇ ಅನ್ನೋ ಹಾಗಿದೆ, ಆದ್ರೆ ಒಂದಕ್ಷರ ಜಾಸ್ತಿ. ಕೇಂದ್ರ ಕಚೇರಿ ಯಾವತ್ತಾದ್ರೂ ಸಂಜೆ ಐದರೊಳಗೆ ಅಂತ ಅವಸರ ಮಾಡಿದ್ದುಂಟಾ? ನನ್ನ ವರ್ಗಾವಣೆ ಪತ್ರ ಹನ್ನೊಂದು ತಿಂಗಳು ತಗೊಂಡಿತ್ತು! ಕೇಳದೇ ಇರೋ ಕಡತ ಬೇರೆ ಅಂಟಿಸಿ ಕಳಿಸಿದ್ದಾರೆ. ಶುದ್ಧ ನಕಲಿ."

"ಸರಿ ಸಾರ್, ಅಳಿಸಿಬಿಡಿ ಹಾಗಾದ್ರೆ," ಎಂದಳು ಟೈಪಿಸ್ಟ್ ಅಕ್ಕ.

ಅಳಿಸುವುದೆಂದರೆ! ಸಾಹೇಬರು ಆಕೆಯನ್ನು ಕರುಣೆಯಿಂದ ನೋಡಿದರು. ಸಿಕ್ಕಿಬಿದ್ದ ಕಳ್ಳನನ್ನು ಬಾಗಿಲು ತೆರೆದು ಹೊರಗೆ ಬಿಟ್ಟ ಹಾಗಾಗುವುದಿಲ್ಲವೇ? ತೂಕ-ಅಳತೆ ಇಲಾಖೆಗೆ ತನ್ನದೇ ಆದ ಪದ್ಧತಿಯಿದೆ. ನಕಲಿ ಕಲ್ಲು ಸಿಕ್ಕರೆ ಮೊದಲು ಜಪ್ತಿ. ಆಮೇಲೆ ಇಬ್ಬರು ಪಂಚರನ್ನು ಸಾಕ್ಷಿಗೆ ನಿಲ್ಲಿಸಿ, ಅವರೆದುರಿಗೇ ಕಲ್ಲಿನ ತಳ ಕೊರೆದು ಒಳಗೇನಿದೆಯೆಂದು ನೋಡಿ, ಮಹಜರು ಬರೆಯಬೇಕು. ಕೊನೆಗೆ ಆ ಕಲ್ಲನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಹತ್ತೊಂಬತ್ತು ಶಾಖೆಗಳಿಗೂ ಸರದಿಯಂತೆ ಕಳಿಸಬೇಕು. ಪ್ರತಿ ಶಾಖೆಯ ನಿರೀಕ್ಷಕರು ಅದನ್ನು ಕೈಯಾರೆ ಹಿಡಿದು ನೋಡಿ, ನೋಡಿದ್ದೇನೆಂದು ಸಹಿ ಮಾಡಬೇಕು. ಮುಂದೆ ಅಂಥದ್ದು ಸಿಕ್ಕರೆ ಕೈಗೆ ಗುರುತು ಹತ್ತಲಿ ಎಂದು. ಇಲಾಖೆ ಹುಟ್ಟಿದಾಗಿನಿಂದ ನಡೆದುಬಂದ ಈ ಪದ್ಧತಿಯಿಂದ ಇಂದಿನವರೆಗೆ ಯಾರಿಗೂ ನೆಗಡಿ ಕೂಡ ಬಂದಿರಲಿಲ್ಲ.

ಟೈಪಿಸ್ಟ್ ಅಕ್ಕ ಒಬ್ಬ ಪಂಚಳಾದಳು. ಇನ್ನೊಬ್ಬರಾಗಿ ಲಿಫ್ಟ್ ನಡೆಸುವ ಅಣ್ಣ ಸಿಕ್ಕಿದ. ಅವನು ಲಿಫ್ಟನ್ನು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಹೇಗೋ ನಿಲ್ಲಿಸಿ ಬಂದಿದ್ದ. ಸಾಹೇಬರು ಗಡಿಯಾರ ನೋಡಿದರು, ಗಂಟಲು ಸರಿಮಾಡಿಕೊಂಡರು, ಇಬ್ಬರನ್ನೂ ಪರದೆಯ ಹತ್ತಿರಕ್ಕೆ ಕರೆದರು, ಕಡತದ ಮೇಲೆ ಎರಡು ಸಲ ಒತ್ತಿದರು.

ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಅಷ್ಟೇ.

"ಏನೂ ಆಗ್ಲಿಲ್ವಲ್ಲ," ಎಂದ ಲಿಫ್ಟಣ್ಣ, ಬಂದದ್ದು ದಂಡವಾಯಿತೆಂಬ ಬೇಸರದಲ್ಲಿ.

"ಆಗಲ್ಲ. ಒಳಗೆ ಟೊಳ್ಳು," ಎಂದರು ಸಾಹೇಬರು. "ನಕಲಿ ಕಲ್ಲೂ ಹೀಗೇ ಇರುತ್ತೆ."

ಸಾಹೇಬರು ಮಹಜರು ಬರೆದರು, ಪಂಚರು ಸಹಿ ಹಾಕಿದರು. ಆ ಹೊತ್ತಿಗೆ ಎರಡೂವರೆಯನೇ ಮಹಡಿಯಲ್ಲಿ ಸಿಕ್ಕಿಕೊಂಡವರು ಬಾಗಿಲು ಬಡಿಯುತ್ತಿದ್ದುದರಿಂದ ಲಿಫ್ಟಣ್ಣ ತನ್ನ ಹೆಸರನ್ನು ಪೂರ್ತಿ ಬರೆಯಲಿಲ್ಲ. ಸಾಹೇಬರು ಆ ಇಮೇಲನ್ನು ಕಡತದ ಸಮೇತ ಹತ್ತೊಂಬತ್ತು ಶಾಖೆಗಳಿಗೂ ಕಳಿಸಿದರು. ಮೇಲೆ ಹೀಗೆ ಬರೆದರು: "ನಕಲಿ ಇಮೇಲಿನ ಮಾದರಿ. ಎಲ್ಲ ನಿರೀಕ್ಷಕರೂ ಲಗತ್ತನ್ನು ಕಡ್ಡಾಯವಾಗಿ ತೆರೆದು ನೋಡಿ, ಇಂದೇ ಸ್ವೀಕೃತಿ ಕಳಿಸತಕ್ಕದ್ದು. ಇಂಥ ಇಮೇಲುಗಳಿಂದ ಎಚ್ಚರದಿಂದಿರತಕ್ಕದ್ದು."

ಕಳಿಸಿ ಸುಮ್ಮನೆ ಕೂರಬಹುದಿತ್ತು. ಕೂರುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಹತ್ತು ನಿಮಿಷ ಕಾದು ಶಾಖೆಗಳಿಗೆ ಒಂದೊಂದಾಗಿ ಫೋನ್ ಹಚ್ಚಿದರು. "ಬಂತಾ? ನೋಡಿದ್ರಾ? ಇನ್ನೂ ಇಲ್ವಾ? ಏನ್ರೀ ಮಾಡ್ತಿದ್ದೀರಿ ಅಲ್ಲಿ ಕೂತು?" ಎಲ್ಲರೂ ಬೈಸಿಕೊಂಡು ತೆರೆದರು. ಏಳನೇ ಶಾಖೆಯ ನಿರೀಕ್ಷಕಿ ಮಾತ್ರ ತಡವರಿಸಿದಳು.

"ಸಾರ್, ಇದು ಯಾಕೋ ಅನುಮಾನ ಬರೋ ಹಾಗಿದೆ. ತೆರೆಯೋಕೆ ಭಯ ಆಗುತ್ತೆ."

"ಅನುಮಾನ ಬರ್ಲಿ ಅಂತಾನೇ ಕಳಿಸಿರೋದು ತಾಯಿ! ತೆರೀರಿ!"

"ಆದ್ರೂ ಸಾರ್..."

"ನಕಲಿ ಅಂತ ನಾನೇ ಪ್ರಮಾಣ ಮಾಡಿ ಹೇಳ್ತಿದ್ದೀನಲ್ಲ, ಇನ್ನೇನು ಭಯ?"

ಈ ವಾದಕ್ಕೆ ಸೋತು ಅವಳೂ ತೆರೆದಳು. ಹತ್ತೊಂಬತ್ತನೇ ಶಾಖೆಯಲ್ಲಿ ಫೋನ್ ಯಾರೂ ಎತ್ತಲಿಲ್ಲ. ಅದು ಮಾಮೂಲು. ಸಾಹೇಬರು ಮೇಡಂ ಕೋಣೆಗೆ ಹೋಗಿ, ನಕಲಿ ಇಮೇಲನ್ನು ಪತ್ತೆಹಚ್ಚಿದ ಇಲಾಖೆಯ ಮೊದಲ ಅಧಿಕಾರಿ ತಾನೆಂದು ವರದಿ ಒಪ್ಪಿಸಿದರು. ಮೇಡಂ ಯಾವುದೋ ಸಭೆಗೆ ಹೊರಟಿದ್ದವರು "ಒಳ್ಳೇದು, ಭೇಷ್" ಎಂದು ಹೋದರು. ವಾಪಸು ಬರುವಾಗ ಸಾಹೇಬರು ತರಬೇತಿ ಕೇಂದ್ರದ ಬಾಗಿಲನ್ನು ಸ್ವಲ್ಪ ತಳ್ಳಿ ಕುರ್ಚಿಯನ್ನೊಮ್ಮೆ ಕಣ್ತುಂಬ ನೋಡಿಕೊಂಡರು.

ಮೊದಲ ಫೋನ್ ಬಂದದ್ದು ಎರಡೂ ಮುಕ್ಕಾಲಿಗೆ, ಮನೆಯಿಂದ.

"ರೀ," ಎಂದರು ಹೆಂಡತಿ. "ನನಗೆ ಯಾಕೆ ಇಮೇಲ್ ಮಾಡಿದ್ರಿ?"

"ನಾನೆಲ್ಲಿ ಮಾಡಿದೆ?"

"ನಿಮ್ಮ ಹೆಸರಲ್ಲೇ ಬಂದಿದೆ. ಅದೇನೋ ಪೆಟ್ಟಿಗೆ ಮುಚ್ಚುತ್ತಾರಂತೆ, ತೆರೀಬೇಕಂತೆ. ನಾನು ಅಳಿಸಿ ಹಾಕಿದೆ."

"ಅಳಿಸಿದ್ಯಾ? ನನ್ನ ಹೆಸರಲ್ಲಿ ಬಂದದ್ದನ್ನ? ಯಾಕೆ?"

"'ಪ್ರಿಯ' ಅಂತ ಶುರುವಾಗಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲನಾದ್ರೂ ಅಂದಿದ್ದೀರಾ? ಅಲ್ಲೇ ಗೊತ್ತಾಯ್ತು ನೀವಲ್ಲ ಅಂತ."

ಸಾಹೇಬರು ಆ ಫೋನ್ ಇಡುವ ಮೊದಲೇ ಮೊಬೈಲೂ ಬಡಿದುಕೊಳ್ಳತೊಡಗಿತು. ಅದು ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ಸು. ಅವರು ಫೋನಿನಲ್ಲೂ ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಮಾತಾಡುತ್ತಿದ್ದರು. "ನಿಮ್ಮ ಪತ್ರ ಬಂತು. ದೊಡ್ಡ ಮನುಷ್ಯರು ಕಳಿಸಿದ್ದಾರಲ್ಲ ಅಂತ ತೆರೆದೆ. ಈಗ ನನ್ನ ಮೂವತ್ತು ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಇರುವೆ ಹರಿದ ಹಾಗೆ ಕಾಣ್ತಿವೆ. ಒಂದಕ್ಷರ ಓದೋಕಾಗ್ತಿಲ್ಲ. ಇದರ ಅರ್ಥವೇನು?"

ಪ್ರಶ್ನೆಗೆ ಎಷ್ಟು ಅಂಕವೆಂದು ಅವರು ಹೇಳಲಿಲ್ಲ. ಸಾಹೇಬರು ಬೆವರು ಒರೆಸಿಕೊಂಡು, ಬಂದು ನೋಡುತ್ತೇನೆಂದು ಹೇಳಿ ಫೋನ್ ಇಡುವಷ್ಟರಲ್ಲಿ ಕಿರಾಣಿ ಅಂಗಡಿಯವನು ಖುದ್ದಾಗಿ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಹೋದ ತಿಂಗಳು ಅವನ ಎರಡು ಕಲ್ಲುಗಳನ್ನು ಸಾಹೇಬರು ಜಪ್ತಿ ಮಾಡಿದ್ದರು. ಅವನ ಹಿಂದೆ ಬಟ್ಟೆ ಅಂಗಡಿಯವನು, ಹಣ್ಣಿನಂಗಡಿಯ ಅಜ್ಜಿ, ಅಜ್ಜಿಯ ಮೊಬೈಲು.

"ಸ್ವಾಮಿ, ನೀವು ಹೇಳಿದ ಹಾಗೆ ತೆರೆದಿದ್ದೀನಿ," ಎಂದು ಕಿರಾಣಿಯವನು ಕೈ ಮುಗಿದ. "ಐದು ಗಂಟೆ ಅಂದಿದ್ರಿ, ನಾನು ಹನ್ನೆರಡಕ್ಕೇ ತೆರೆದೆ. ಬಿಲ್ ಮಾಡೋ ಕಂಪ್ಯೂಟರ್ ಸತ್ತುಹೋಯ್ತು. ಸಾಯ್ಲಿ ಬಿಡಿ. ಇನ್ನು ಏನೇನು ತೆರೀಬೇಕು ಹೇಳಿ, ತೆರೀತೀನಿ. ಈ ಸಲ ಮಾತ್ರ ಕಲ್ಲು ತಗೊಂಡು ಹೋಗ್ಬೇಡಿ."

"ನಾನು ಕಳಿಸಿಲ್ಲಪ್ಪಾ ಅದನ್ನ!"

"ನೀವು ಕಳಿಸಿಲ್ಲ ಅಂತ ಗೊತ್ತಿದ್ರೆ ನಾನು ಯಾಕೆ ತೆರೀತಿದ್ದೆ? ನಿಮ್ಮ ಹೆಸರು ನೋಡಿ ಕೈ ನಡುಗಿ ತಾನಾಗೇ ಒತ್ತಿಹೋಯ್ತು!"

ಇಪ್ಪತ್ತಾರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಇಷ್ಟೊಂದು ಕಡೆ ಇಷ್ಟು ಬೇಗ ಕೆಲಸ ಮಾಡೀತೆಂದು ಸಾಹೇಬರು ಅಂದುಕೊಂಡಿರಲಿಲ್ಲ. ಇತ್ತ ಕಚೇರಿಯಲ್ಲಿ ಒಂದೊಂದೇ ಕಂಪ್ಯೂಟರಿನ ಪರದೆ ಕಪ್ಪಾಗುತ್ತ ಬಂತು. ಮೊದಲು ಟೈಪಿಸ್ಟ್ ಅಕ್ಕನದು, ಆಮೇಲೆ ದಾಖಲೆ ವಿಭಾಗದ್ದು, ಕೊನೆಗೆ ಮೇಡಂ ಕೋಣೆಯದು. ಶಾಖೆಗಳಿಂದ ಫೋನುಗಳು ಸುರಿಯತೊಡಗಿದವು. ಸಾಹೇಬರು ಮೇಜಿನಿಂದ ಮೇಜಿಗೆ ಓಡಿದರು, ಒಂದು ಫೋನಿನಲ್ಲಿ ಮಾತಾಡುತ್ತ ಇನ್ನೊಂದನ್ನು ಎತ್ತಿದರು, ಎರಡನ್ನೂ ಅದಲುಬದಲು ಇಟ್ಟರು. ಹೀಗಾಗಿ ಐದನೇ ಶಾಖೆಯವರು ಹನ್ನೊಂದನೇ ಶಾಖೆಯವರ ಜೊತೆ ಸ್ವಲ್ಪ ಹೊತ್ತು ಜಗಳವಾಡಿದರು.

ಕಂಪ್ಯೂಟರ್ ರಿಪೇರಿಯಾಕೆ ಬಂದದ್ದು ಮೂರೂವರೆಗೆ. ಭುಜಕ್ಕೆ ಚೀಲ, ಬಾಯಲ್ಲಿ ಸ್ಕ್ರೂಡ್ರೈವರ್, ಯಾರ ಮೇಲೂ ದಾಕ್ಷಿಣ್ಯವಿಲ್ಲದ ಮುಖ. ಆಕೆ ಮೊದಲು ಗೋಡೆಯಿಂದ ಇಂಟರ್ನೆಟ್ಟಿನ ತಂತಿಯನ್ನು ಕಿತ್ತಳು. ಆಮೇಲೆ ಮೇಡಂ ಕಡೆ ತಿರುಗಿ ಹೇಳಿದಳು: "ಇದು ವೈರಸ್. ಲಗತ್ತು ತೆರೆದ್ರೆ ಒಳಗೆ ಹೊಕ್ಕು, ಕಡತಗಳನ್ನ ಹಾಳುಮಾಡಿ, ನಿಮ್ಮ ವಿಳಾಸದ ಪಟ್ಟೀಲಿರೋ ಎಲ್ರಿಗೂ ನಿಮ್ಮ ಹೆಸರಲ್ಲೇ ಮತ್ತೆ ಹೋಗುತ್ತೆ. ಮೊದಲು ತೆರೆದೋರು ಯಾರು, ಎಷ್ಟು ಹೊತ್ತಿಗೆ ತೆರೆದ್ರು ಅಂತ ಗೊತ್ತಾಗ್ಬೇಕು. ಸಾಮಾನ್ಯವಾಗಿ ಯಾರೂ ಒಪ್ಪಿಕೊಳ್ಳಲ್ಲ."

ಟೈಪಿಸ್ಟ್ ಅಕ್ಕ ನೆಲ ನೋಡಿದಳು. ಆಮೇಲೆ, ಸತ್ಯಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವಳಾದ್ದರಿಂದ, ಮೇಜಿನ ಮೇಲಿದ್ದ ಮಹಜರನ್ನು ಎತ್ತಿ ಮೇಡಂ ಕೈಗೆ ಕೊಟ್ಟಳು.

ಮೇಡಂ ಗಟ್ಟಿಯಾಗಿ ಓದಿದರು. "'ಈ ದಿನ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ, ಸದರಿ ಇಮೇಲ್ ನಕಲಿಯೆಂದು ಚೆನ್ನಾಗಿ ತಿಳಿದೂ, ಪಂಚರ ಸಮಕ್ಷಮದಲ್ಲಿ, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸದರಿ ಕಡತದ ಮೇಲೆ ಎರಡು ಬಾರಿ ಒತ್ತಿರುತ್ತೇನೆ. ಒಳಗೆ ಏನೂ ಇರುವುದಿಲ್ಲ.'"

ರಿಪೇರಿಯಾಕೆ ಬಾಯಿಂದ ಸ್ಕ್ರೂಡ್ರೈವರ್ ತೆಗೆದಳು. "ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಇಷ್ಟು ಚೊಕ್ಕವಾಗಿ ಬರೆದುಕೊಟ್ಟೋರು ಇವರೊಬ್ರೇ."

"ನಕಲಿ ಅಂತ ಗುರುತು ಹಿಡಿದಿದ್ದೆ, ಮೇಡಂ," ಎಂದರು ಸಾಹೇಬರು.

"ಗುರುತು ಹಿಡಿದು?"

"ಪದ್ಧತಿ ಪ್ರಕಾರ ಎಲ್ಲ ಶಾಖೆಗೂ ಕಳಿಸಿದೆ."

"ಸಾಹೇಬ್ರೇ," ಎಂದಳು ರಿಪೇರಿಯಾಕೆ, "ಹಾವು ಅಂತ ಗೊತ್ತಾದ ಮೇಲೆ ಮುಟ್ಟಿ ನೋಡ್ತಾರೇನ್ರೀ? ಹಾಗೇ ಬಿಟ್ಟು, ಅನುಮಾನ ಇದ್ರೆ ಆ ಕಚೇರಿಗೇ ಫೋನ್ ಮಾಡಿ ಕೇಳ್ಬೇಕು. ಅವರು ಕೊಟ್ಟ ನಂಬರಿಗಲ್ಲ, ನಿಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ."

ಆಗಿನ ನಾಚಿಕೆಗೆ ಸಾಹೇಬರು ನೆಲಕ್ಕಿಳಿದುಹೋದರು. ಆದರೆ ಸುಮ್ಮನೆ ನಾಚಿಕೊಂಡು ನಿಲ್ಲುವುದೂ ಅವರಿಂದಾಗಲಿಲ್ಲ. ಎಲ್ಲರೂ ಮಾತಾಡುತ್ತಿದ್ದ ಹೊತ್ತಿನಲ್ಲಿ ಮೆಲ್ಲಗೆ ಮೊಬೈಲು ತೆಗೆದು, ಎಲ್ಲ ಶಾಖೆಗಳಿಗೂ "ನನ್ನ ಹಿಂದಿನ ಇಮೇಲ್ ತೆರೆಯಬೇಡಿ, ವಿವರಕ್ಕೆ ಲಗತ್ತು ನೋಡಿ" ಎಂದು ಬರೆಯತೊಡಗಿದ್ದರು. ಲಗತ್ತಾಗಿ ಏನನ್ನು ಹಾಕಲಿದ್ದರೆಂದು ನೋಡಿದ ರಿಪೇರಿಯಾಕೆ ಮೊಬೈಲನ್ನೇ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಫೋನ್ ಮಾಡಿ," ಎಂದರು ಮೇಡಂ. "ಬಾಯಲ್ಲಿ ಹೇಳಿ. ಒಬ್ಬೊಬ್ಬರಿಗೂ. ನಾನಿಲ್ಲೇ ಕೂತಿರ್ತೀನಿ."

ಹಾಗೆ ಆ ಮಧ್ಯಾಹ್ನ ತಕ್ಕಡಿ ಸಾಹೇಬರು ಕಚೇರಿಯ ದೊಡ್ಡ ಮೇಜಿನ ಪಕ್ಕ ನಿಂತು, ಮೇಡಂ ಎದುರಿಗೆ, ಕಿರಾಣಿಯವನ ಎದುರಿಗೆ, ಹಣ್ಣಿನಜ್ಜಿಯ ಎದುರಿಗೆ, ಒಂದನೇ ಶಾಖೆಯಿಂದ ಹಿಡಿದು ಎಲ್ಲರಿಗೂ ಒಂದೇ ಮಾತು ಹೇಳಿದರು: "ನಾನು ತಪ್ಪು ಮಾಡಿದೆ. ತೆರೀಬೇಡಿ. ತೆರೆದಿದ್ರೆ ತಂತಿ ಕಿತ್ತುಬಿಡಿ." ಮೊದಲನೇ ಸಲ ಆ ಮಾತನ್ನು ಮೂರು ಸಲ ತೊದಲಿ ಮುಗಿಸಿದರು. ಐದನೇ ಸಲಕ್ಕೆ ಸಲೀಸಾಯಿತು. ಏಳನೇ ಶಾಖೆಯ ನಿರೀಕ್ಷಕಿ "ಸರಿ ಸಾರ್" ಎಂದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಹದಿನೆಂಟಕ್ಕೆ ಹದಿನೆಂಟೂ ಶಾಖೆಗಳು ಮಲಗಿದ್ದವು.

ಉಳಿದದ್ದು ಹತ್ತೊಂಬತ್ತನೇದು. ಅಲ್ಲಿಯ ನಿರೀಕ್ಷಕರನ್ನು ಇಲಾಖೆಯಲ್ಲಿ ಆಕಳಿಕೆ ಸಾಹೇಬರೆಂದು ಕರೆಯುತ್ತಿದ್ದರು. ಎರಡು ಮಾತಿನ ನಡುವೆ ಒಂದು ಆಕಳಿಕೆ ಬರುತ್ತಿತ್ತು. ಕೆಲವು ಸಲ ಎರಡು ಆಕಳಿಕೆಯ ನಡುವೆ ಒಂದು ಮಾತು. ಈ ಮನುಷ್ಯನನ್ನು ಎಬ್ಬಿಸುವುದರಲ್ಲೇ ತಕ್ಕಡಿ ಸಾಹೇಬರ ಅರ್ಧ ಸೇವಾವಧಿ ಕಳೆದಿತ್ತು. ನಾಲ್ಕನೇ ಸಲಕ್ಕೆ ಆಕಳಿಕೆ ಸಾಹೇಬರು ಫೋನ್ ಎತ್ತಿದರು.

"ಇಮೇಲಾ?" ಆಕಳಿಕೆ. "ಬಂದಿರಬಹುದು."

"ತೆರೆದ್ರಾ ಇಲ್ವಾ? ಬೇಗ ಹೇಳಿ!"

"ಹೆಂಗೆ ತೆರೀಲಿ? ಕಂಪ್ಯೂಟರ್ ಇನ್ನೂ ಡಬ್ಬದೊಳಗೇ ಇದೆ. ಕಳಿಸಿ ಎರಡು ವರ್ಷ ಆಯ್ತಲ್ವಾ? ಡಬ್ಬ ಗಟ್ಟಿ ಇದೆ, ಅದರ ಮೇಲೆ ಕಾಲಿಟ್ಕೊಂಡ್ರೆ ಹಿತವಾಗಿರುತ್ತೆ."

ತಕ್ಕಡಿ ಸಾಹೇಬರು ಫೋನಿಗೆ ಕೈ ಅಡ್ಡ ಹಿಡಿದು, ಈ ಅಪರಾಧವಾದರೂ ಬೆಳಕಿಗೆ ಬಂತಲ್ಲ ಎಂಬ ಆಸೆಯಿಂದ ಮೇಡಂಗೆ ವರದಿ ಮಾಡಿದರು. ಮೇಡಂ ಮಹಜರನ್ನು ಮಡಿಸಿ, ಅದರ ಹಿಂಬದಿಯಲ್ಲಿ ಹತ್ತೊಂಬತ್ತು ಎಂದು ಬರೆದುಕೊಂಡರು.

ಶುಕ್ರವಾರ ಆದೇಶ ಹೊರಬಿತ್ತು. ಇಮೇಲಿನಲ್ಲಲ್ಲ, ಕಾಗದದಲ್ಲಿ. ಇಲಾಖೆಯ ಹತ್ತೊಂಬತ್ತು ಶಾಖೆ ಮತ್ತು ಒಂದು ಮುಖ್ಯ ಕಚೇರಿಯಲ್ಲಿ ಈವರೆಗೆ ಒಂದು ಬಾರಿಯೂ ಇಮೇಲ್ ಮೋಸಕ್ಕೆ ಒಳಗಾಗದ ಏಕೈಕ ಅಧಿಕಾರಿ ಎಂಬ ಕಾರಣಕ್ಕೆ, ತರಬೇತಿ ಕೇಂದ್ರದ ಮುಖ್ಯಸ್ಥರನ್ನಾಗಿ ಹತ್ತೊಂಬತ್ತನೇ ಶಾಖೆಯ ನಿರೀಕ್ಷಕರನ್ನು ನೇಮಿಸಲಾಗಿತ್ತು. ಕೆಳಗೆ ಇನ್ನೊಂದು ಸಾಲಿತ್ತು. ಮೊದಲ ತಂಡದಲ್ಲಿ ತರಬೇತಿ ಪಡೆಯತಕ್ಕವರ ಪಟ್ಟಿಯಲ್ಲಿ ಮೊದಲ ಹೆಸರು: ತಕ್ಕಡಿ ಸಾಹೇಬರು.

ಸೋಮವಾರ ಬೆಳಿಗ್ಗೆ ಇಪ್ಪತ್ತು ಜನ ಕೂತಿದ್ದರು. ತಕ್ಕಡಿ ಸಾಹೇಬರು ಮುಂದಿನ ಬೆಂಚಿನಲ್ಲಿ, ಮಂಡಿ ನೀವಿಕೊಳ್ಳುತ್ತ, ಕಾಲು ಕುಣಿಸುತ್ತ. ಅದಕ್ಕೆ ಬೆಂಚು ಅಲುಗಿ, ಪಕ್ಕದಲ್ಲಿದ್ದ ಏಳನೇ ಶಾಖೆಯ ನಿರೀಕ್ಷಕಿಯ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಎದುರಿಗೆ, ಐದು ಚಕ್ರದ ಕುರ್ಚಿಯಲ್ಲಿ ಆಕಳಿಕೆ ಸಾಹೇಬರು ಒರಗಿ ಕೂತಿದ್ದರು. ಅದರ ತೋಳುಗಳನ್ನು ಅವರಿಗೆಂದೇ ಅಳತೆ ತೆಗೆದು ಮಾಡಿಸಿದ ಹಾಗಿತ್ತು, ಅದನ್ನು ನೋಡುವುದೇ ತಕ್ಕಡಿ ಸಾಹೇಬರಿಗೆ ಕಷ್ಟವಾಗುತ್ತಿತ್ತು.

"ಇಮೇಲ್ ಬಂದ್ರೆ ಏನು ಮಾಡ್ಬೇಕು?" ಎಂದು ಆಕಳಿಕೆ ಸಾಹೇಬರು ಪಾಠ ಶುರುಮಾಡಿದರು. ಆಕಳಿಸಿದರು. "ಏನೂ ಮಾಡ್ಬಾರ್ದು."

ಎಲ್ಲರೂ ಬರೆದುಕೊಂಡರು.

"ಐದು ಗಂಟೆಯೊಳಗೆ ತೆರೀದಿದ್ರೆ ಮುಚ್ಚಿಬಿಡ್ತೀವಿ ಅಂತ ಬಂದ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಐದಕ್ಕೆ ನಾನು ಮನೇಲಿರ್ತೀನಿ. ಮುಚ್ಕೊಳ್ಲಿ."

"ನಮಗೆ ಗೊತ್ತಿರೋರ ಹೆಸರಲ್ಲೇ ಬಂದ್ರೆ?" ಇದು ಏಳನೇ ಶಾಖೆಯ ನಿರೀಕ್ಷಕಿ. ಕೇಳುವಾಗ ಅವಳು ಪಕ್ಕಕ್ಕೆ ನೋಡಲಿಲ್ಲ.

"ಗೊತ್ತಿರೋರಿಗೆ ಬಾಯಿಲ್ವಾ? ಫೋನ್ ಮಾಡ್ತಾರೆ. ಇಲ್ಲಾಂದ್ರೆ ನಾವು ಮಾಡಿ ಕೇಳೋದು. ಎದ್ದ ಮೇಲೆ."

ತಕ್ಕಡಿ ಸಾಹೇಬರಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಉತ್ತರಗಳು ತಪ್ಪಾಗಿದ್ದವೆಂದಲ್ಲ, ಒಂದೂ ತಪ್ಪಾಗಿರಲಿಲ್ಲವೆಂದು. ರಿಪೇರಿಯಾಕೆ ಅರ್ಧ ಗಂಟೆ ವಿವರಿಸಿದ್ದನ್ನೇ ಈ ಮನುಷ್ಯ ನಿದ್ದೆಗಣ್ಣಿನಲ್ಲಿ ಹೇಳುತ್ತಿದ್ದ. ತಡೆಯಲಾರದೆ ಎದ್ದು ನಿಂತರು. ಮಂಡಿ ಕಟಕ್ಕೆಂದಿತು.

"ಒಂದು ವೇಳೆ ಅದು ನಿಜವಾದ ಆದೇಶವೇ ಆಗಿದ್ರೆ? ಕಚೇರಿ ಕೆಲಸ ನಿಂತುಹೋಗಲ್ವೇ? ಅಸಲಿ ಅಂತ ಗೊತ್ತಾಗೋದು ಹೇಗೆ?"

ಆಕಳಿಕೆ ಸಾಹೇಬರು ಕಣ್ಣು ಪೂರ್ತಿ ತೆರೆದರು. ಹಾಗೆ ತೆರೆದಿದ್ದನ್ನು ಅಲ್ಲಿದ್ದ ಯಾರೂ ಮೊದಲು ನೋಡಿರಲಿಲ್ಲ.

"ನಿಜವಾದ್ದು ಎರಡನೇ ಸಲ ಬರುತ್ತೆ. ಮೂರನೇ ಸಲ ಜ್ಞಾಪನ ಬರುತ್ತೆ. ಆಗಲೂ ನಾನು ಏಳದಿದ್ರೆ ನೀವು ಫೋನ್ ಮಾಡಿ ಬೈತೀರಿ. ಆಗ ನಾನು ಕೆಲಸ ಶುರುಮಾಡ್ತೀನಿ. ಇಪ್ಪತ್ತಾರು ವರ್ಷದಿಂದ ಬೈತಿದ್ದೀರಿ ಸಾಹೇಬ್ರೇ, ಆ ಬೈಗುಳದಲ್ಲಿ ಒಂದು ದಿನವೂ ನನಗೆ ನಕಲಿ ಅನ್ನೋ ಅನುಮಾನ ಬಂದಿಲ್ಲ."

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಏಳನೇ ಶಾಖೆಯ ನಿರೀಕ್ಷಕಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ತಕ್ಕಡಿ ಸಾಹೇಬರು ಸಿಟ್ಟು ಮಾಡಿಕೊಳ್ಳಬೇಕೆಂದು ಪ್ರಯತ್ನಪಟ್ಟರು. ಆದರೆ ಎಷ್ಟೋ ದಿನಗಳಿಂದ ಅವರ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ, ಹಾಗಾಗಿ ಸಿಟ್ಟು ಬರಲಿಲ್ಲ. ಮೆಲ್ಲಗೆ ಕೂತುಕೊಂಡರು. ಕುರ್ಚಿ ಹೋದ ಸಂಕಟ ಇನ್ನೂ ಎದೆಯಲ್ಲಿತ್ತು, ಇದ್ದೇ ಇರುತ್ತದೆ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು, ಖಾಲಿ ಪುಟದ ತುದಿಯಲ್ಲಿ ಒಂದು ಎಂದು ಸಂಖ್ಯೆ ಹಾಕಿ ಬರೆದುಕೊಂಡರು: "ಬೈಸಿಕೊಳ್ಳುವವರೆಗೂ ಕಾಯತಕ್ಕದ್ದು."